ಖಾರ್ಮ್ಸ್ ಓದುವವರಿಗೆ, ಆಡುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕೆಲವು ಓದುಗರು, ಹವ್ಯಾಸಿ ನಟರು ಸೇರಿಕೊಂಡು ರಷ್ಯಾದ ಕವಿ, ನಾಟಕಕಾರ ದಾನಿಯಿಲ್ ಖಾರ್ಮ್ಸ್‌ನ ಬರಹಗಳನ್ನು ಕನ್ನಡದಲ್ಲಿ ಓದುತ್ತಿದ್ದೇವೆ, ಕೆಲವನ್ನು ಆಡುತ್ತಲೂ ಇದ್ದೇವೆ. ತಾಲೀಮಿನ ನಡುವೆ, ಓದು ಮುಗಿಸಿ ಚಾ ಕುಡಿಯುವಾಗ, ಶಿವಮೊಗ್ಗದ ಬಸ್ಸಿಗೆ ಕಾಯುವಾಗ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರದವು. ಹೊಸದಾಗಿ ಬರುವವರಿಗೆ ಅನುಕೂಲ ಆಗಲಿ ಅಂತ ಒಂದೆಡೆ ಬರೆದಿಟ್ಟಿದ್ದೇನೆ.

ಖಾರ್ಮ್ಸ್ ಅಂದರೆ ಯಾರು?

ನಿಜವಾದ ಹೆಸರು ದಾನಿಯಿಲ್ ಇವಾನೊವಿಚ್ ಯುವಾಚೋವ್. ಖಾರ್ಮ್ಸ್ ಅನ್ನುವುದು ಹುಡುಗನಾಗಿದ್ದಾಗಲೇ ಅವನು ಇಟ್ಟುಕೊಂಡ ಕಾವ್ಯನಾಮ. 1905ರ ಡಿಸೆಂಬರ್ 30ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ. ಆ ಊರಿಗೇ ಆಮೇಲೆ ಲೆನಿನ್‌ಗ್ರಾದ್ ಎಂದು ಹೆಸರಾಯಿತು. ತಂದೆ ನೌಕಾಪಡೆಯಲ್ಲಿದ್ದವನು. ತ್ಸಾರ್ ವಿರುದ್ಧದ ಗುಪ್ತ ಸಂಘಟನೆಯಲ್ಲಿದ್ದುದಕ್ಕೆ ಅವನಿಗೆ ಮರಣದಂಡನೆ ವಿಧಿಸಿ, ಆಮೇಲೆ ಅದನ್ನು ಕಠಿಣ ಸಜೆಗೆ ಇಳಿಸಿದರು. ಶ್ಲಿಸ್ಸೆಲ್‌ಬುರ್ಗ್ ಕೋಟೆಯಲ್ಲಿ, ಸಖಾಲಿನ್ ದ್ವೀಪದಲ್ಲಿ ವರ್ಷಗಟ್ಟಲೆ ಕಳೆದು ಬಂದ ಮನುಷ್ಯ. ಬಂಧನದ ಮಾತು ಆ ಮನೆಗೆ ಹೊಸದಾಗಿರಲಿಲ್ಲ.

ಮಗ ಕವಿತೆ ಬರೆದ, ನಾಟಕ ಬರೆದ, ಅರ್ಧ ಪುಟ ಒಂದು ಪುಟದ ಕಥೆಗಳನ್ನು ಬರೆದ, ಮಕ್ಕಳಿಗೆ ಪದ್ಯ ಬರೆದ. ಬದುಕಿದ್ದು ಮೂವತ್ತಾರೇ ವರ್ಷ. ದೊಡ್ಡವರಿಗೆಂದು ಬರೆದದ್ದರಲ್ಲಿ ಅವನ ಜೀವಿತಕಾಲದಲ್ಲಿ ಅಚ್ಚಾದದ್ದು ಎರಡೇ ಎರಡು ಕವಿತೆ. ಇವತ್ತು ನಾವು ಓದುವ ಖಾರ್ಮ್ಸ್ ಹೆಚ್ಚುಪಾಲು ನೋಟುಪುಸ್ತಕಗಳಲ್ಲೇ ಇದ್ದವನು.

ಅಸಂಗತ (ಅಬ್ಸರ್ಡ್) ನಾಟಕ ಅಂದರೆ ಬೆಕೆಟ್, ಅಯನೆಸ್ಕೋ ಅಲ್ಲವಾ? ಇವನು ಎಲ್ಲಿಂದ ಬಂದ?

ಕಾಲೇಜಿನಲ್ಲಿ ಓದಿದವರೆಲ್ಲ ಇದನ್ನು ಕೇಳುತ್ತಾರೆ. ಇಸವಿ ನೋಡಿ. ಅಯನೆಸ್ಕೋನ ಮೊದಲ ನಾಟಕ ಪ್ಯಾರಿಸ್ಸಿನಲ್ಲಿ ರಂಗಕ್ಕೆ ಬಂದದ್ದು 1950ರಲ್ಲಿ, ಬೆಕೆಟ್‌ನ ಗೊಡೊ 1953ರಲ್ಲಿ. ವಿಮರ್ಶಕ ಮಾರ್ಟಿನ್ ಎಸ್ಲಿನ್ ಇವರನ್ನೆಲ್ಲ ಒಂದೇ ಹೆಸರಿನಡಿ ತಂದು ಪುಸ್ತಕ ಬರೆದದ್ದು 1961ರಲ್ಲಿ. ಖಾರ್ಮ್ಸ್‌ನ 'ಎಲಿಜವೇತಾ ಬಾಮ್' ಲೆನಿನ್‌ಗ್ರಾದಿನಲ್ಲಿ ಆಡಿದ್ದು 1928ರ ಜನವರಿ 24ರಂದು. ಪ್ಯಾರಿಸ್ಸಿನವರಿಗೆ ಇವನ ಸುದ್ದಿ ಗೊತ್ತಿರಲು ಸಾಧ್ಯವೇ ಇರಲಿಲ್ಲ, ನಾಟಕ ಅಚ್ಚೇ ಆಗಿರಲಿಲ್ಲವಲ್ಲ.

ಕನ್ನಡಕ್ಕೆ ಅಸಂಗತದ ಗಾಳಿ ಬೀಸಿದ್ದು ಅರವತ್ತರ ದಶಕದಲ್ಲಿ. ನಮ್ಮ ಜಿಲ್ಲೆಯ ಕೊನಗವಳ್ಳಿಯಲ್ಲಿ ಹುಟ್ಟಿದ ಲಂಕೇಶರ 'ತೆರೆಗಳು', ಧಾರವಾಡದಲ್ಲಿ ಚಂಪಾ ಅವರ 'ಕೊಡೆಗಳು' ಆ ಹೊತ್ತಿನವು. ಆದರೆ ಖಾರ್ಮ್ಸ್ ಇಂಗ್ಲಿಷಿನಲ್ಲಿ ಪುಸ್ತಕರೂಪದಲ್ಲಿ ಸಿಕ್ಕಿದ್ದು 1971ರಲ್ಲಿ, ಜಾರ್ಜ್ ಗಿಬಿಯನ್ ಅನುವಾದಿಸಿದಾಗ. ಹಾಗಾಗಿ ಕನ್ನಡದ ಆ ಪೀಳಿಗೆ ಪ್ಯಾರಿಸ್ಸಿನ ದಾರಿಯಲ್ಲಿ ಬಂದ ಅಸಂಗತವನ್ನು ಕಂಡಿತು. ಲೆನಿನ್‌ಗ್ರಾದಿನ ದಾರಿ ಆಗಿನ್ನೂ ಮುಚ್ಚಿತ್ತು. ನಾವು ಇವನನ್ನು ಈಗ ಓದಲು ಅದೂ ಒಂದು ಕಾರಣ.

ಒಬೆರಿಯು ಅಂತ ಹೇಳ್ತೀರಲ್ಲ, ಅದೆಂತದು?

ಖಾರ್ಮ್ಸ್, ಅಲೆಕ್ಸಾಂದ್ರ್ ವ್ವೆದೆನ್‌ಸ್ಕಿ, ನಿಕೊಲಾಯ್ ಜಬೊಲೊತ್‌ಸ್ಕಿ, ಇಗೋರ್ ಬಾಖ್ತೆರೆವ್ ಮೊದಲಾದವರು ಕಟ್ಟಿಕೊಂಡ ಗುಂಪು. ವಾಸ್ತವ ಕಲೆಯ ಕೂಟ ಎಂದು ಅದರ ಪೂರ್ಣ ಹೆಸರು. ಅಸಂಗತ ಬರೆದವರು ತಮ್ಮನ್ನು ವಾಸ್ತವದವರು ಎಂದು ಕರೆದುಕೊಂಡಿದ್ದರು, ಮನಃಪೂರ್ವಕವಾಗಿಯೇ. ವಸ್ತುವನ್ನು ಬರಿಗಣ್ಣಿಂದ ನೋಡಬೇಕು, ಅದರ ಮೇಲೆ ಮೆತ್ತಿಕೊಂಡ ಹಳೆಯ ಸಾಹಿತ್ಯದ ಲೇಪ ಕಿತ್ತುಹಾಕಬೇಕು ಅನ್ನುವುದು ಅವರ ಪ್ರಣಾಳಿಕೆಯ ತಿರುಳು. ನಾಟಕದ ಬಗ್ಗೆಯೂ ಅದರಲ್ಲಿ ಒಂದು ಮುಖ್ಯ ಮಾತಿದೆ: ಬರೆದ ಕಥೆಗೆ ಒಂದು ಎಳೆ ಇದ್ದಹಾಗೆ ರಂಗಕ್ಕೂ ತನ್ನದೇ ಎಳೆ ಇದೆ, ರಂಗ ಅದನ್ನು ಹಿಡಿದು ಹೋಗಬೇಕು. ಪಾತ್ರ ಮಾತಾಡುತ್ತ ಇದ್ದಹಾಗೆ ಹಿಂದೆ ಒಂದು ಪೆಟ್ಟಿಗೆ ತಾನಾಗಿ ಜರುಗಿದರೆ ಆ ಜರುಗುವಿಕೆಯೂ ನಾಟಕವೇ.

1928ರ ಆ ರಾತ್ರಿಯ ಕಾರ್ಯಕ್ರಮಕ್ಕೆ 'ಮೂರು ಎಡ ಗಂಟೆಗಳು' ಎಂದು ಹೆಸರಿಟ್ಟಿದ್ದರು, ಎಡ ಅಂದರೆ ಹೊಸ ಪ್ರಯೋಗದ ಎನ್ನುವ ಅರ್ಥದಲ್ಲಿ. ಜಾಗ ಫೊಂತಾಂಕಾ ನದಿಯ ದಡದ ಪತ್ರಿಕಾ ಭವನ. ಮೊದಲ ಗಂಟೆ ಕವಿತೆ, ಎರಡನೆಯದು ನಾಟಕ, ಮೂರನೆಯದು ಸಿನಿಮಾ. ಖಾರ್ಮ್ಸ್ ಒಂದು ದೊಡ್ಡ ಕಪಾಟಿನ ಮೇಲೆ ಕೂತು ಪದ್ಯ ಓದಿದ. ಕಲೆ ಅಂದರೆ ಕಪಾಟು ಎನ್ನುವುದು ಅವರ ಘೋಷಣೆಗಳಲ್ಲಿ ಒಂದು. ಮಾರನೆಯ ದಿನ ಪತ್ರಿಕೆ ಬೈದು ಬರೆಯಿತು. ಗುಂಪು ಇನ್ನೆರಡು ವರ್ಷ ಅಲ್ಲಿ ಇಲ್ಲಿ ಪ್ರದರ್ಶನ ಕೊಡುತ್ತ ಹೇಗೋ ನಡೆಯಿತು. 1930ರ ಏಪ್ರಿಲ್‌ನಲ್ಲಿ 'ಸ್ಮೆನಾ' ಪತ್ರಿಕೆ ಇವರದು ಪ್ರತಿಗಾಮಿ ಕಸರತ್ತು ಎಂದು ಲೇಖನ ಹಾಕಿದ ಮೇಲೆ ವೇದಿಕೆ ಹತ್ತುವ ದಾರಿಯೇ ಮುಚ್ಚಿಹೋಯಿತು.

'ಎಲಿಜವೇತಾ ಬಾಮ್' ನಾಟಕದಲ್ಲಿ ಏನು ನಡೆಯುತ್ತದೆ? ಕಥೆ ಹೇಳಲು ಬರುವಂಥದ್ದಾ?

ಬರುತ್ತದೆ. ಒಂದು ಕೋಣೆ. ಎಲಿಜವೇತಾ ಒಬ್ಬಳೇ ಇದ್ದಾಳೆ. ಯಾವ ಗಳಿಗೆಯಲ್ಲಾದರೂ ಬಾಗಿಲು ತೆರೆಯಬಹುದು, ತನ್ನನ್ನು ಹಿಡಿದು ಇಲ್ಲದ ಹಾಗೆ ಮಾಡಿಬಿಡಬಹುದು ಎಂದು ಹೆದರಿದ್ದಾಳೆ. ಬಾಗಿಲು ಬಡಿಯುತ್ತದೆ. ಹೊರಗೆ ಇಬ್ಬರು: ಪ್ಯೋತ್ರ್ ನಿಕೊಲಾಯೆವಿಚ್, ಇವಾನ್ ಇವಾನೊವಿಚ್. ನಾನೇನು ತಪ್ಪು ಮಾಡಿದೆ ಅನ್ನುತ್ತಾಳೆ ಇವಳು. ಅದು ನಿನಗೇ ಗೊತ್ತು ಅನ್ನುತ್ತಾರೆ ಅವರು.

ಇಲ್ಲಿವರೆಗೆ ಯಾವ ಪ್ರೇಕ್ಷಕನಿಗೂ ತೊಡಕಿಲ್ಲ, ಉಸಿರು ಬಿಗಿಹಿಡಿದು ಕೂತಿರುತ್ತಾನೆ. ಆಮೇಲೆ ಹಿಡಿಯಲು ಬಂದ ಇಬ್ಬರೂ ತಮ್ಮತಮ್ಮಲ್ಲೇ ಜಗಳ ತೆಗೆಯುತ್ತಾರೆ. ಇವಾನ್ ಇವಾನೊವಿಚ್‌ಗೆ ಬಿಕ್ಕಳಿಕೆ ಶುರುವಾಗುತ್ತದೆ. ಎಲಿಜವೇತಾ ಅಮ್ಮನನ್ನು ಕೂಗಿ ಇಂದ್ರಜಾಲದವರು ಬಂದಿದ್ದಾರೆ ಬಾ ಅನ್ನುತ್ತಾಳೆ. ಭಯ ಆಟವಾಗುತ್ತದೆ, ಆಟ ಪದ್ಯವಾಗುತ್ತದೆ, ಪದ್ಯ ಬರೀ ಸದ್ದಾಗುತ್ತದೆ. ಅಪ್ಪ ಅಮ್ಮ ಬರುತ್ತಾರೆ. ಮಗಳನ್ನು ಉಳಿಸಲು ಅಪ್ಪ ಪ್ಯೋತ್ರ್ ನಿಕೊಲಾಯೆವಿಚ್‌ನ ಜೊತೆ ದ್ವಂದ್ವಕ್ಕೆ ನಿಲ್ಲುತ್ತಾನೆ. ಅದಕ್ಕೆ ನಾಟಕದೊಳಗೇ ಬೇರೆ ಹೆಸರಿದೆ, ಇಬ್ಬರು ಕಲಿಗಳ ಕಾಳಗ ಎಂದು. ಗಂಟೆ ಬಾರಿಸಿ ಶುರು ಮಾಡುತ್ತಾರೆ. ಪ್ಯೋತ್ರ್ ಸಾಯುತ್ತಾನೆ. ಕೊನೆಗೆ ಮತ್ತೆ ಅದೇ ಕೋಣೆ, ಅದೇ ಬಾಗಿಲು, ಅದೇ ಬಡಿತ. ಎಲಿಜವೇತಾ ಮೇಲಿನ ಆರೋಪ ಈಗ ತಿಳಿಯುತ್ತದೆ: ಅವಳು ಪ್ಯೋತ್ರ್ ನಿಕೊಲಾಯೆವಿಚ್‌ನನ್ನು ಕೊಂದಿದ್ದಾಳೆ. ಅವಳನ್ನು ಹಿಡಿದುಕೊಂಡು ಹೋಗಲು ಬಂದವರಲ್ಲಿ ಅವನೂ ಒಬ್ಬ.

ರಂಗಪ್ರತಿಯಲ್ಲಿ ಖಾರ್ಮ್ಸ್ ಇದನ್ನು 19 ತುಣುಕು ಮಾಡಿದ್ದಾನೆ. ಒಂದೊಂದು ತುಣುಕಿನ ನೆತ್ತಿಯ ಮೇಲೆ ಅದು ಯಾವ ಜಾತಿಯ ನಾಟಕ ಎಂದು ಬರೆದಿದ್ದಾನೆ. ಮೊದಲನೆಯದು ವಾಸ್ತವವಾದಿ ಮೆಲೊಡ್ರಾಮಾ, ಅದರ ಬೆನ್ನಿಗೇ ಹಾಸ್ಯದ ಜಾತಿಯದು, ಹೀಗೆ. ಅಂದರೆ ನಟ ತುಣುಕು ತುಣುಕಿಗೂ ತನ್ನ ನಟನೆಯ ಶೈಲಿಯನ್ನೇ ಬದಲಿಸಬೇಕು. ಮನಸ್ಸಿಗೆ ಬಂದದ್ದನ್ನು ಗೀಚಿದವನ ಕೆಲಸ ಇದಲ್ಲ. ತಾಲೀಮಿನಲ್ಲಿ ನಾವು ಈ ಶೀರ್ಷಿಕೆಗಳನ್ನು ಗಟ್ಟಿಯಾಗಿ ಓದಿಕೊಂಡೇ ತುಣುಕು ಶುರು ಮಾಡುತ್ತೇವೆ. ಹಾಗೆ ಮಾಡಿದಾಗ ನಟರ ಕಾಲು ಸರಿಯಾದ ಕಡೆ ಬೀಳುತ್ತದೆ.

ಹಾಗಾದರೆ ಇದು ಸ್ಟಾಲಿನ್ ಕಾಲದ ಬಂಧನಗಳ ಮೇಲಿನ ನಾಟಕ, ಅಲ್ಲವಾ?

ಬರೆದದ್ದು 1927ರ ಡಿಸೆಂಬರಿನಲ್ಲಿ. ಜನರನ್ನು ಸಾಮೂಹಿಕವಾಗಿ ಹಿಡಿದೊಯ್ದ ಮಹಾಭೀತಿಯ ವರ್ಷಗಳು 1937, 38. ಹತ್ತು ವರ್ಷ ಮೊದಲು ಬರೆದದ್ದನ್ನು ಆ ಘಟನೆಗಳ ಗುಪ್ತ ವರದಿ ಎಂದು ಓದಿದರೆ ನಾಟಕದ ಬಹುಪಾಲು ಕೈತಪ್ಪಿಹೋಗುತ್ತದೆ. ಬಿಕ್ಕಳಿಕೆಗೆ ಏನರ್ಥ, ಕಾಳಗದ ಪದ್ಯಕ್ಕೆ ಏನರ್ಥ ಎಂದು ಸಂಕೇತ ಬಿಡಿಸುತ್ತ ಕೂರಬೇಕಾಗುತ್ತದೆ, ಕೊನೆಗೆ ಒಂದೂ ಬಿಡಿಸಲಾಗುವುದಿಲ್ಲ.

ನನಗೆ ಕಾಣುವುದು ಹೀಗೆ. ಖಾರ್ಮ್ಸ್‌ನ ಆಸಕ್ತಿ ಇದ್ದದ್ದು ಕಾರಣ ಮತ್ತು ಪರಿಣಾಮದ ನಡುವಿನ ಕೊಂಡಿಯ ಮೇಲೆ. ಇದಾದದ್ದರಿಂದ ಅದಾಯಿತು ಎಂದು ನಾವು ದಿನವಿಡೀ ನಂಬಿಕೊಂಡು ಓಡಾಡುತ್ತೇವಲ್ಲ, ಆ ಕೊಂಡಿಯನ್ನು ಅವನು ತಣ್ಣಗೆ ಕಳಚಿ ತೋರಿಸುತ್ತಾನೆ. ಶಿಕ್ಷೆ ಮೊದಲು ಬಂದು ಅಪರಾಧ ಆಮೇಲೆ ನಡೆಯುತ್ತದೆ. ಸರ್ವಾಧಿಕಾರವೂ ಅದೇ ಕೊಂಡಿಯನ್ನು ಕಳಚುತ್ತದೆ, ಹಾಗಾಗಿ ನಾಟಕ ಮುಂದಿನದನ್ನು ಮೊದಲೇ ಕಂಡಂತೆ ತೋರುತ್ತದೆ. ಪ್ರದರ್ಶನದಲ್ಲಿ ಸೈನಿಕರ ಸಮವಸ್ತ್ರ, ಕೆಂಪು ನಕ್ಷತ್ರ ತಂದು ನಿಲ್ಲಿಸಬೇಡಿ ಎಂದು ನಾನು ಪ್ರತಿ ತಂಡಕ್ಕೂ ಹೇಳುವುದು ಇದೇ ಕಾರಣಕ್ಕೆ. ಬಾಗಿಲು ಬಡಿಯುವ ಸದ್ದೊಂದೇ ಸಾಕು.

ಅವನನ್ನು ಬಂಧಿಸಿದ್ದು ಯಾಕೆ?

ಮೊದಲ ಸಲ 1931ರ ಡಿಸೆಂಬರಿನಲ್ಲಿ, ವ್ವೆದೆನ್‌ಸ್ಕಿ ಮೊದಲಾದವರ ಜೊತೆ. ಮಕ್ಕಳ ಸಾಹಿತ್ಯದೊಳಗೆ ಸೋವಿಯತ್ ವಿರೋಧಿ ಗುಂಪು ಕಟ್ಟಿದರು, ಅರ್ಥವಿಲ್ಲದ ಪದ್ಯ ಬರೆದು ಜನರ ಗಮನವನ್ನು ಸಮಾಜವಾದದ ನಿರ್ಮಾಣದಿಂದ ಬೇರೆಡೆಗೆ ಎಳೆದರು ಎಂದು ಆರೋಪ. ಶಿಕ್ಷೆ ಕೊನೆಗೆ ಗಡೀಪಾರಾಗಿ, 1932ರಲ್ಲಿ ಕೆಲವು ತಿಂಗಳು ಕೂರ್ಸ್ಕ್ ಊರಿನಲ್ಲಿ ಕಳೆದ. ಎರಡನೆಯ ಸಲ 1941ರ ಆಗಸ್ಟ್ 23ರಂದು, ಯುದ್ಧದಲ್ಲಿ ಸೋಲಿನ ಮಾತಾಡಿದ ಎನ್ನುವ ಆರೋಪದ ಮೇಲೆ. ಆ ಸಲ ಮನೆಗೆ ಬರಲಿಲ್ಲ.

ಮಕ್ಕಳಿಗೂ ಬರೆದಿದ್ದಾನಂತೆ. ಅದು ಹೊಟ್ಟೆಪಾಡಿಗಾ?

ಹೊಟ್ಟೆಪಾಡೂ ಹೌದು. ಮಕ್ಕಳ ಕವಿ ಸಮುಯಿಲ್ ಮರ್ಷಾಕ್ ಈ ಗುಂಪಿನವರನ್ನು ಮಕ್ಕಳ ಪತ್ರಿಕೆಗೆ ಕರೆತಂದ. 'ಯೋಜ್' ಅಂತ ಒಂದು ಪತ್ರಿಕೆ, 'ಚಿಜ್' ಅಂತ ಇನ್ನೊಂದು. ಮೊದಲನೆಯದು ಮುಳ್ಳುಹಂದಿಯ ಜಾತಿಯ ಪ್ರಾಣಿಯ ಹೆಸರು, ಎರಡನೆಯದು ಒಂದು ಪುಟ್ಟ ಹಕ್ಕಿಯದು. ಮಕ್ಕಳೆಂದರೆ ನನಗಾಗದು ಅನ್ನುತ್ತಿದ್ದ ಖಾರ್ಮ್ಸ್ ವೇದಿಕೆ ಮೇಲೆ ಬಂದರೆ ಮಕ್ಕಳು ಬಿಡುತ್ತಿರಲಿಲ್ಲ ಎಂದು ಜೊತೆಗಿದ್ದವರು ನೆನಪು ಮಾಡಿಕೊಂಡಿದ್ದಾರೆ.

ಆದರೆ ಆ ಪದ್ಯಗಳನ್ನು ಅನ್ನಕ್ಕಾಗಿ ಮಾಡಿದ ಕೆಲಸ ಎಂದು ಪಕ್ಕಕ್ಕಿಡುವುದನ್ನು ನಾನು ಒಪ್ಪುವುದಿಲ್ಲ. ದೊಡ್ಡವರ ಕಥೆಗಳಲ್ಲಿ ಇರುವ ಕೈಯೇ ಇಲ್ಲೂ ಇದೆ: ಎಣಿಕೆ, ಪುನರುಕ್ತಿ, ಥಟ್ಟನೆ ನಿಲ್ಲುವುದು. 'ಮಿಲಿಯನ್' ಪದ್ಯದಲ್ಲಿ ಬೀದಿಯಲ್ಲಿ ಸಾಲಾಗಿ ನಲವತ್ತು ಹುಡುಗರು ನಡೆಯುತ್ತಾರೆ, ಆಮೇಲೆ ಲೆಕ್ಕ ಏರುತ್ತ ಏರುತ್ತ ಹೋಗುತ್ತದೆ. ಸಮೋವರ್, ಅಂದರೆ ಚಾಕ್ಕೆ ನೀರು ಕಾಯಿಸುವ ಹಂಡೆ, ಅದರ ಬಗ್ಗೆ ಇನ್ನೊಂದು ಪದ್ಯ ಇದೆ, ಮನೆಮಂದಿ ಒಬ್ಬೊಬ್ಬರಾಗಿ ಚಾ ಕುಡಿಯಲು ಬರುವುದೇ ಅದರ ಕಥೆ. ನಮ್ಮ ಕಡೆಯ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಓದಿ ಹೇಳಿದರೆ ಎರಡನೆಯ ಸಲಕ್ಕೆ ಅವರೇ ಕಾಲಲ್ಲಿ ತಾಳ ಹಾಕುತ್ತಾರೆ.

1937ರಲ್ಲಿ 'ಚಿಜ್' ಒಂದು ಪದ್ಯ ಪ್ರಕಟಿಸಿತು. ಕೈಯಲ್ಲಿ ದೊಣ್ಣೆ, ಹೆಗಲಿಗೆ ಚೀಲ ಹಾಕಿಕೊಂಡು ಒಬ್ಬ ಮನೆಯಿಂದ ಹೊರಟ, ನೇರವಾಗಿ ನಡೆದ, ಮಲಗಲಿಲ್ಲ, ಕುಡಿಯಲಿಲ್ಲ, ತಿನ್ನಲಿಲ್ಲ. ಒಂದು ಬೆಳಗ್ಗೆ ಕತ್ತಲ ಕಾಡಿಗೆ ಹೊಕ್ಕ. ಅಲ್ಲಿಂದಾಚೆ ಕಾಣೆಯಾದ. ಎಲ್ಲಾದರೂ ಸಿಕ್ಕಿದರೆ ಬೇಗ ನಮಗೆ ತಿಳಿಸಿ ಎಂದು ಪದ್ಯ ಮುಗಿಯುತ್ತದೆ. ಜನ ರಾತ್ರೋರಾತ್ರಿ ಕಾಣೆಯಾಗುತ್ತಿದ್ದ ವರ್ಷ ಅದು. ಪತ್ರಿಕೆಗಳು ಅವನ ಬರಹ ತೆಗೆದುಕೊಳ್ಳುವುದನ್ನೇ ವರ್ಷದ ಹತ್ತಿರ ನಿಲ್ಲಿಸಿದವು. ಆ ಕಾಲದ ದಿನಚರಿಯ ಪುಟಪುಟದಲ್ಲೂ ಹಸಿವು.

ಅವನ ಕಥೆಗಳನ್ನು ಯಾವುದರಿಂದ ಓದಲು ಶುರು ಮಾಡಲಿ?

'ಸ್ಲುಚಾಯಿ', ಅಂದರೆ ಘಟನೆಗಳು, ಎನ್ನುವ ಮಾಲೆಯಿಂದ. 1933ರಿಂದ 39ರ ನಡುವೆ ಬರೆದ 30 ತುಣುಕುಗಳು, ಹೆಂಡತಿ ಮರೀನಾ ಮಾಲಿಚ್‌ಗೆ ಅರ್ಪಣೆ. ಮೊದಲನೆಯದರಲ್ಲಿ ಕೆಂಚುಗೂದಲಿನ ಒಬ್ಬ ಮನುಷ್ಯ ಬರುತ್ತಾನೆ. ಅವನಿಗೆ ಕಣ್ಣಿಲ್ಲ, ಕಿವಿಯಿಲ್ಲ, ಕೂದಲೂ ಇಲ್ಲ. ಹೀಗೆ ಒಂದೊಂದೇ ಅಂಗ ಕಳೆದು ಕೊನೆಗೆ ಯಾರ ಬಗ್ಗೆ ಮಾತಾಡುತ್ತಿದ್ದೇವೆ ಅಂತಲೇ ತಿಳಿಯದೆ ಕಥೆ ಸುಮ್ಮನಾಗುತ್ತದೆ. ಅರ್ಧ ಪುಟವೂ ಇಲ್ಲ. ಹಸ್ತಪ್ರತಿಯಲ್ಲಿ ದಿನಾಂಕ 1937ರ ಜನವರಿ 7.

ಅದಾದ ಮೇಲೆ 'ಸಾನೆಟ್' ಓದಿ. ಎಣಿಸುವಾಗ 7 ಮೊದಲೋ 8 ಮೊದಲೋ ಒಬ್ಬನಿಗೆ ಮರೆತುಹೋಗುತ್ತದೆ. ಅಕ್ಕಪಕ್ಕದವರನ್ನು ಕೇಳಿದರೆ ಅವರಿಗೂ ಮರೆತಿದೆ. ಅಂಗಡಿಯ ಕ್ಯಾಷಿಯರ್ ಹತ್ತಿರ ಹೋಗುತ್ತಾರೆ, ಉದ್ಯಾನಕ್ಕೆ ಹೋಗಿ ಮರ ಎಣಿಸುತ್ತಾರೆ, ಜಗಳವಾಗುತ್ತದೆ. ಬೆಂಚಿನಿಂದ ಒಂದು ಮಗು ಬಿದ್ದು ದವಡೆ ಮುರಿದುಕೊಂಡದ್ದರಿಂದ ಗಮನ ಅತ್ತ ಹೋಗಿ, ಎಲ್ಲರೂ ಮನೆಗೆ ಹೋಗುತ್ತಾರೆ.

ಉದ್ದದ ಬರಹ ಬೇಕೆಂದರೆ 1939ರ 'ಮುದುಕಿ'. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಓದಿದೆ. ಏನೂ ಅರ್ಥ ಆಗಲಿಲ್ಲ. ಏನು ಮಾಡಲಿ?

ಗಟ್ಟಿಯಾಗಿ ಓದಿ. ಪಕ್ಕದಲ್ಲಿ ಇನ್ನೊಬ್ಬರಿರಲಿ.

ಇದನ್ನು ಸುಮ್ಮನೆ ಹೇಳುತ್ತಿಲ್ಲ. ಹೋದ ಸುಗ್ಗಿಯಲ್ಲಿ ನಮ್ಮೂರಿನ ಒಂದು ಮನೆಯ ಅಂಗಳದಲ್ಲಿ ರಾತ್ರಿ ಅಡಿಕೆ ಸುಲಿಯುವವರ ನಡುವೆ ಕೂತು 'ಬೀಳುವ ಮುದುಕಿಯರು' ಓದಿದೆವು. ಮೆಟ್ಟುಗತ್ತಿಯ ಮುಂದೆ ಕೂತವರ ಕೈ ನಿಲ್ಲುವುದಿಲ್ಲ, ಕಿವಿ ಮಾತ್ರ ಬಿಡುವಾಗಿರುತ್ತದೆ. ಕಥೆ ಇಷ್ಟೇ: ಅತಿಯಾದ ಕುತೂಹಲದಿಂದ ಒಬ್ಬ ಮುದುಕಿ ಕಿಟಕಿಯಿಂದ ಬೀಳುತ್ತಾಳೆ. ಅವಳನ್ನು ನೋಡಲು ಬಗ್ಗಿದ ಇನ್ನೊಬ್ಬಳೂ ಬೀಳುತ್ತಾಳೆ. ಹಾಗೇ ಮೂರನೆಯವಳು, ನಾಲ್ಕನೆಯವಳು. ಆರನೆಯವಳು ಬಿದ್ದಾಗ ಹೇಳುವವನಿಗೆ ನೋಡಿ ನೋಡಿ ಬೇಜಾರಾಗಿ, ಕುರುಡನೊಬ್ಬನಿಗೆ ಯಾರೋ ಹೆಣೆದ ಶಾಲು ಕೊಟ್ಟರಂತೆ ಎಂದು ಕೇಳಿ ಮಾಲ್ತ್‌ಸೆವ್ ಸಂತೆಗೆ ಹೊರಟುಬಿಡುತ್ತಾನೆ. ಮೂರನೆಯ ಮುದುಕಿಗೆ ನಗು ಶುರುವಾಯಿತು. ಐದನೆಯವಳ ಹೊತ್ತಿಗೆ ನಗು ನಿಂತಿತು. ಓದು ಮುಗಿದ ಮೇಲೆ ಹಿರಿಯರೊಬ್ಬರು, "ಎಂತ ಮಾರಾಯಾ, ಅವ ಹಂಗೇ ಹೋದ್ನಾ? ಒಂದು ಹೆಣನೂ ಎತ್ತಲಿಲ್ವಾ?" ಎಂದು ಕೇಳಿದರು. ಪಕ್ಕದಲ್ಲಿದ್ದ ಹೆಂಗಸು ಕತ್ತಿಯಿಂದ ಕಣ್ಣೆತ್ತದೆ, "ನಾವೂ ಟೀವೀಲಿ ನೋಡಿ ಏಳ್ತ್ವಲ್ಲ ಅಣ್ಣಯ್ಯಾ, ಊಟಕ್ಕೆ" ಅಂದರು. ಅಷ್ಟು ಅರ್ಥ ಸಾಕು. ಯಾರೂ ವಿವರಿಸಿರಲಿಲ್ಲ.

ಸಾವು, ಪೆಟ್ಟು, ಬೀಳುವುದು ಇಷ್ಟೊಂದು ಯಾಕೆ? ನಗುವುದು ತಪ್ಪಲ್ಲವಾ?

ನಗು ಬಂದರೆ ನಗಿ. ಆ ನಗು ಎಲ್ಲಿ ನಿಂತಿತು ಅನ್ನುವುದನ್ನು ಗಮನಿಸಿ, ಅವನ ಕೆಲಸ ಇರುವುದು ಅಲ್ಲಿ. ಸತ್ತವರಿಗೆ ಹೆಸರಿದೆ, ಅವರು ತಿಂದ ತಿಂಡಿಗೆ ಹೆಸರಿದೆ, ದುಃಖಕ್ಕೆ ಮಾತ್ರ ಒಂದು ಸಾಲೂ ಇಲ್ಲ. ಒರ್ಲೊವ್ ಎನ್ನುವವನು ಬಟಾಣಿ ಹಿಸುಕಿದ್ದು ಹೆಚ್ಚು ತಿಂದು ಸತ್ತ, ಅದನ್ನು ಕೇಳಿ ಕ್ರಿಲೊವ್ ಎನ್ನುವವನೂ ಸತ್ತ ಎಂದು ಶುರುವಾಗುವ ಕಥೆಯನ್ನು ಓದಿದರೆ ಗೊತ್ತಾಗುತ್ತದೆ. ಸಾವು ಸುದ್ದಿಯಾಗಿ ಮಾತ್ರ ಉಳಿದ ಊರಿನಲ್ಲಿ ಕೂತು ಬರೆದವನು ಅವನು.

ಚಿಕ್ಕ ಮಕ್ಕಳಿಗೆ ಈ ಕಥೆಗಳನ್ನು ತೋರಿಸಬೇಡಿ. ಅವರಿಗೆಂದೇ ಬರೆದ ಪದ್ಯಗಳಿವೆ.

ಕವಿತೆಯ ಬಗ್ಗೆ ಯಾರೂ ಹೇಳುವುದೇ ಇಲ್ಲ. ಅವನು ದೊಡ್ಡ ಕವಿಯಾ?

ಮೊದಲು ಅವನು ಕವಿ, ಉಳಿದದ್ದೆಲ್ಲ ಆಮೇಲೆ. ರಷ್ಯಾದ ಕವಿ ಖ್ಲೆಬ್ನಿಕೊವ್ ಮುಂತಾದವರು ಅರ್ಥದಾಚೆಯ ನಾದದ ಭಾಷೆಯೊಂದನ್ನು ಹುಡುಕುತ್ತಿದ್ದ ಕಾಲದಲ್ಲಿ ಬರೆಯಲು ಶುರುಮಾಡಿದ. ನಾದ ಮೊದಲು, ಅರ್ಥ ಅದರ ಬೆನ್ನಿಗೆ. ಆ ಪದ್ಯಗಳು ಬೇರೆ ಭಾಷೆಗೆ ಬರುವಾಗ ಬಹಳ ಕಳೆದುಕೊಳ್ಳುತ್ತವೆ, ಅದಕ್ಕೇ ಹೊರಗಿನವರಿಗೆ ಗದ್ಯದ ಖಾರ್ಮ್ಸ್ ಹೆಚ್ಚು ಪರಿಚಯ. ಕನ್ನಡಕ್ಕೆ ತರುವವರು ಮಾತ್ರಾಗಣದ ನಡೆಯನ್ನು ಬಿಡಬಾರದು ಎಂದು ನನ್ನ ಕೋರಿಕೆ. ಮೂರು ಮೂರು ಮಾತ್ರೆ, ನಾಲ್ಕು ನಾಲ್ಕು ಮಾತ್ರೆಯ ನಡಿಗೆ ನಮ್ಮ ನಾಲಿಗೆಗೆ ಶಿಶುವಿಹಾರದಿಂದಲೇ ಬಂದಿದೆ. ಮುಕ್ತಛಂದದಲ್ಲಿ ತಂದ ಖಾರ್ಮ್ಸ್ ಕಾಲು ಕಟ್ಟಿಹಾಕಿದಂತಿರುತ್ತಾನೆ.

ನಮ್ಮ ಹಳ್ಳಿಗಳಲ್ಲಿ ಇಂಥದನ್ನು ಯಾರು ನೋಡುತ್ತಾರೆ?

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಪೇಟೆಯವರು. ಹೆಗ್ಗೋಡಿನಲ್ಲಿ ನೀನಾಸಂ ಹುಟ್ಟಿದ್ದು 1949ರಲ್ಲಿ. ಕೆ.ವಿ. ಸುಬ್ಬಣ್ಣನವರು ಆ ಸಣ್ಣ ಊರಿಗೆ ಜಗತ್ತಿನ ನಾಟಕ, ಸಿನಿಮಾ ತಂದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ ಶುರುವಾಯಿತು. ಗ್ರೀಕ್ ದುರಂತದಿಂದ ಬ್ರೆಕ್ಟ್‌ವರೆಗೆ ನೋಡಿ ಬೆಳೆದ ಪ್ರೇಕ್ಷಕರಿರುವ ತಾಲೂಕು ಇದು.

ಅದಕ್ಕಿಂತ ಹಿಂದಿನದು ಬಯಲಾಟ. ಎಲಿಜವೇತಾ ಬಾಮ್‌ನ ಕೊನೆ ಶಿವಮೊಗ್ಗದ ಕಾಲೇಜು ಹುಡುಗರಿಗೆ ಒಗಟಾಗಿ ಕಾಣುತ್ತದೆ. ಸತ್ತವನು ಮತ್ತೆ ಬರುವುದು ಹೇಗೆ ಅಂತ. ರಾತ್ರಿಯಿಡೀ ಯಕ್ಷಗಾನ ನೋಡಿದವರಿಗೆ ಅದೇನೂ ಸಮಸ್ಯೆಯಲ್ಲ. ಕೀಚಕ ಸತ್ತ ಮೇಲೆ ಎದ್ದು ಚೌಕಿಗೆ ನಡೆದು ಹೋಗುವುದನ್ನು ಅವರು ಚಿಕ್ಕಂದಿನಿಂದ ಕಂಡಿದ್ದಾರೆ. ಭಾಗವತರು ಪದ ಎತ್ತಿದೊಡನೆ ಮಾತು ನಿಂತು ಕುಣಿತವಾಗುವುದು, ಯುದ್ಧದ ನಡುವೆ ಹಾಸ್ಯಗಾರ ನುಗ್ಗಿ ಊರಿನ ಸುದ್ದಿ ಮಾತಾಡುವುದು, ಮತ್ತೆ ಅದೇ ಬಿಗಿಗೆ ಮರಳುವುದು ಅವರಿಗೆ ಸಹಜ. 19 ತುಣುಕುಗಳ ಜಿಗಿತವನ್ನು ಹಿಡಿಯುವ ಕಣ್ಣು ಅವರಿಗೆ ಆಗಲೇ ಇದೆ. ಕಾಳಗದ ಭಾಗವನ್ನು ನಾವು ಒಂದು ಚಂಡೆ ಇಟ್ಟುಕೊಂಡು ಆಡಿದ್ದೇವೆ, ಆದರೆ ವೇಷ ಕಟ್ಟಲಿಲ್ಲ. ವೇಷ ಕಟ್ಟಿದರೆ ಅದು ಯಕ್ಷಗಾನದ ಅಣಕ ಆಗುತ್ತದೆ, ಎರಡಕ್ಕೂ ಅನ್ಯಾಯ.

ಆಡುವವರಿಗೆ ಒಂದೇ ಒಂದು ಸೂಚನೆ ಕೊಡುವುದಾದರೆ?

ನಗಿಸಲು ಹೋಗಬೇಡಿ. ಪೆದ್ದನ ದನಿ ತೆಗೆಯುವುದು, ಕಣ್ಣು ಅರಳಿಸುವುದು, ಪ್ರೇಕ್ಷಕರ ಕಡೆ ನೋಡಿ ಮುಗುಳ್ನಗುವುದು ಇವು ಮೂರೂ ಖಾರ್ಮ್ಸ್‌ನನ್ನು ಕೊಲ್ಲುತ್ತವೆ. 7 ಮೊದಲೋ 8 ಮೊದಲೋ ಮರೆತವನಿಗೆ ಅದು ಜೀವನ್ಮರಣದ ಪ್ರಶ್ನೆ. ಜಮೀನಿನ ಪಹಣಿಯಲ್ಲಿ ಹೆಸರು ತಪ್ಪಾದವನು ತಾಲೂಕು ಕಚೇರಿಯ ಕಿಟಕಿಯ ಮುಂದೆ ನಿಂತ ಹಾಗೆ ನಿಂತು ಆ ಮಾತು ಹೇಳಬೇಕು. ಉಸಿರು, ನಿಲುಗಡೆ, ಪುನರುಕ್ತಿ ಎಲ್ಲವನ್ನೂ ಅವನು ಬರೆದಷ್ಟೇ ಇಟ್ಟುಕೊಳ್ಳಿ. ಒಂದು ಮುದುಕಿಯನ್ನು ಕಮ್ಮಿ ಮಾಡಿದರೂ ಕಥೆ ಕುಸಿಯುತ್ತದೆ.

ಖರ್ಚು, ನಟರು, ರಂಗಸಜ್ಜಿಕೆ?

ಸಣ್ಣ ತುಣುಕುಗಳಿಗೆ ಮೂರು ನಾಲ್ಕು ನಟರು, ಒಂದು ಬೆಂಚು, ಒಂದು ಬಾಗಿಲ ಚೌಕಟ್ಟು. ಎಲಿಜವೇತಾ ಬಾಮ್‌ಗೆ ಆರೇಳು ಜನ ಇರಲಿ. ಶಾಲೆಯ ಜಗುಲಿ, ಅಂಗಳ, ಸಹಕಾರ ಸಂಘದ ಗೋದಾಮು ಎಲ್ಲಾದರೂ ಆದೀತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನಡಿ ಮಾತ್ರ ಬೇಡ. ನಮ್ಮ ಮಳೆಗೆ ಒಂದು ಸಾಲೂ ಕೇಳಿಸುವುದಿಲ್ಲ, ಇವನ ನಾಟಕದಲ್ಲಿ ಮೌನಕ್ಕೂ ಜಾಗ ಬೇಕು.

ಪಾತ್ರಗಳ ಹೆಸರನ್ನು ನಮ್ಮ ಕಡೆಯ ಹೆಸರು ಮಾಡಿಕೊಳ್ಳಬಹುದಾ?

ನಾನು ಮಾಡುವುದಿಲ್ಲ. ಇವಾನ್ ಇವಾನೊವಿಚ್, ಸೆಮ್ಯೋನ್ ಸೆಮ್ಯೋನೊವಿಚ್ ಎನ್ನುವ ಹೆಸರುಗಳಲ್ಲೇ ತಾಳ ಇದೆ. ಲೆನಿನ್‌ಗ್ರಾದ್ ಲೆನಿನ್‌ಗ್ರಾದಾಗಿಯೇ ಇರಲಿ. ಪ್ರೇಕ್ಷಕರು ಅಲ್ಲಿಗೆ ಹೋಗಿ ಬರಬಲ್ಲರು.

ಆಡಲು ಅನುಮತಿ ಬೇಕಾ?

ನೋಡಿಕೊಳ್ಳಬೇಕು. ಭಾರತದಲ್ಲಿ ಲೇಖಕ ತೀರಿಹೋದ ಮೇಲೆ 60 ವರ್ಷ ಹಕ್ಕು ಇರುತ್ತದೆ. ಅವನ ಮರಣಾನಂತರ ಮೊದಲು ಪ್ರಕಟವಾದ ಬರಹಗಳಿಗೆ ಪ್ರಕಟಣೆಯಿಂದ 60 ವರ್ಷ ಎಣಿಸುತ್ತಾರೆ. ಖಾರ್ಮ್ಸ್‌ನ ಬಹುಪಾಲು ಬರಹ ಈ ಎರಡನೆಯ ಜಾತಿಯದು. ಇಂಗ್ಲಿಷಿನಿಂದ ಅನುವಾದ ಮಾಡಿಕೊಂಡರೆ ಆ ಇಂಗ್ಲಿಷ್ ಅನುವಾದಕರ ಹಕ್ಕು ಬೇರೆಯೇ ಇದೆ. ಟಿಕೆಟ್ ಇಲ್ಲ, ನಮ್ಮದು ಸಣ್ಣ ತಂಡ ಅನ್ನುವುದು ನೆಪ ಆಗಬಾರದು, ಕೇಳಿಕೊಂಡೇ ಆಡಿ.

ಅಚ್ಚಾಗದ ಬರಹ ಉಳಿದದ್ದು ಹೇಗೆ? ಅವನ ಕೊನೆ ಹೇಗಾಯಿತು?

ಎರಡೂ ಒಂದೇ ಚಳಿಗಾಲದ ಸಂಗತಿ. 1941ರ ಸೆಪ್ಟೆಂಬರ್ 8ರಂದು ಜರ್ಮನ್ ಸೈನ್ಯ ಲೆನಿನ್‌ಗ್ರಾದನ್ನು ಸುತ್ತುವರಿಯಿತು. ಖಾರ್ಮ್ಸ್ ಆಗಲೇ ಬಂದಿಯಾಗಿದ್ದ. ಹುಚ್ಚನೆಂದು ತೀರ್ಮಾನಿಸಿ ಸೆರೆಮನೆಯ ಮಾನಸಿಕ ವಿಭಾಗದಲ್ಲಿ ಇಟ್ಟಿದ್ದರು. ಅವನಿದ್ದ ಮನೆ ಬಾಂಬಿಗೆ ಜಖಂ ಆಯಿತು. ಮರೀನಾ ಮತ್ತು ಗೆಳೆಯ ಯಾಕೊವ್ ದ್ರುಸ್ಕಿನ್ ಆ ಮನೆಗೆ ಹೋಗಿ ಹಸ್ತಪ್ರತಿಗಳನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬಿದರು. ದ್ರುಸ್ಕಿನ್ ತತ್ತ್ವಶಾಸ್ತ್ರಜ್ಞ, ಸಂಗೀತ ಬಲ್ಲವನು. ಹಸಿವಿನಿಂದ ತಾನೇ ನಿಲ್ಲಲಾರದ ಸ್ಥಿತಿಯಲ್ಲಿದ್ದ. ಆ ಪೆಟ್ಟಿಗೆಯನ್ನು ಅವನು ಕೈಬಿಡಲಿಲ್ಲ.

1942ರ ಫೆಬ್ರವರಿ 2ರಂದು ಖಾರ್ಮ್ಸ್ ಹಸಿವಿನಿಂದ ಸತ್ತ. ಮರೀನಾಳಿಗೆ ಗೊತ್ತಿರಲಿಲ್ಲ. ಹೆಪ್ಪುಗಟ್ಟಿದ ನೇವಾ ನದಿ ದಾಟಿ, ಅವನಿಗೆಂದು ಉಳಿಸಿದ ಸ್ವಲ್ಪ ತಿನಿಸಿನ ಪೊಟ್ಟಣ ಹಿಡಿದು ಸೆರೆಮನೆಗೆ ಹೋದಳು. ಕಿಟಕಿಯಾಚೆಯವರು ಪೊಟ್ಟಣ ವಾಪಸು ಕೊಟ್ಟರು.

ಗೆಳೆಯ ಬಂದಾನು ಎಂದು ದ್ರುಸ್ಕಿನ್ ವರ್ಷಗಟ್ಟಲೆ ಪೆಟ್ಟಿಗೆಯ ಕಾಗದ ಮುಟ್ಟಲಿಲ್ಲ. 1960ರಲ್ಲಿ ಸರ್ಕಾರ ಖಾರ್ಮ್ಸ್ ಮೇಲಿನ ಆರೋಪ ರದ್ದು ಮಾಡಿತು. ಅರವತ್ತರ ದಶಕದಲ್ಲಿ ತರುಣ ಸಂಶೋಧಕರಿಗೆ ದ್ರುಸ್ಕಿನ್ ಹಸ್ತಪ್ರತಿ ತೋರಿಸಿದ. ಕೈಬರಹದ, ಟೈಪು ಮಾಡಿದ ಪ್ರತಿಗಳು ಓಡಾಡಿದವು. ಸಂಪುಟಗಳು ಜರ್ಮನಿಯ ಬ್ರೆಮೆನ್‌ನಲ್ಲಿ 1978ರಿಂದ ಬಂದವು, ಅವನದೇ ಊರಿನಲ್ಲಿ 1988ರ ಹೊತ್ತಿಗೆ. ಒಂದು ಸಾಹಿತ್ಯದ ಭವಿಷ್ಯ ಹಸಿದ ಒಬ್ಬ ಮನುಷ್ಯನ ಕೈಯಲ್ಲಿತ್ತು ಅನ್ನುವುದನ್ನು ನೆನೆದರೆ ನನಗೆ ಇವತ್ತಿಗೂ ಮೈ ನಡುಗುತ್ತದೆ. ದ್ರುಸ್ಕಿನ್ ಹೆಸರನ್ನು ನಮ್ಮ ಪ್ರತಿ ಪ್ರದರ್ಶನದ ಶುರುವಿಗೆ ಹೇಳುತ್ತೇವೆ.

ಖಾರ್ಮ್ಸ್ ಆದಮೇಲೆ ಯಾರನ್ನು ಓದಲಿ?

ಅಲೆಕ್ಸಾಂದ್ರ್ ವ್ವೆದೆನ್‌ಸ್ಕಿಯನ್ನು. ಖಾರ್ಮ್ಸ್‌ಗಿಂತ ಕಷ್ಟ, ಕವಿಯಾಗಿ ಇನ್ನೂ ಆಳ ಎಂದು ನನ್ನ ಅಭಿಪ್ರಾಯ. ಅವನೂ 1941ರ ಡಿಸೆಂಬರಿನಲ್ಲಿ ಕೈದಿಗಳ ರೈಲಿನಲ್ಲಿ ತೀರಿಕೊಂಡ, ಅವನ ಬರಹದ ಒಂದು ಪಾಲೂ ಅದೇ ಪೆಟ್ಟಿಗೆಯಲ್ಲಿ ಉಳಿಯಿತು. 1938ರಲ್ಲಿ ಬರೆದ 'ಇವಾನೊವ್ ಮನೆಯ ಕ್ರಿಸ್‌ಮಸ್' ನಾಟಕದಿಂದ ಶುರು ಮಾಡಬಹುದು. ಅದರಲ್ಲಿ ಹಬ್ಬಕ್ಕೆ ಕಾದಿರುವ ಮಕ್ಕಳು ಬರುತ್ತಾರೆ. ಕಿರಿಯವನಿಗೆ 1 ವರ್ಷ, ಹಿರಿಯಳಿಗೆ 82. ಬರುವ ಮಾಘದಲ್ಲಿ ಅದರ ಓದು ಇಟ್ಟುಕೊಂಡಿದ್ದೇವೆ. 82ರ ಮಗುವಿನ ಪಾತ್ರ ತನಗೇ ಬೇಕು ಎಂದು ನಮ್ಮ ತಂಡದ ಹಿರಿಯಕ್ಕ ಈಗಲೇ ಹೇಳಿಟ್ಟಿದ್ದಾರೆ. ಉಳಿದ ಪಾತ್ರಗಳಿಗೆ ಜನ ಬೇಕು.